ಕೌದಿ ಸೂಜಿ ಮತ್ತು ಮೆಟಲ್ ಡಿಟೆಕ್ಟರ್

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಪಶುಪಾಲನೆಯಲ್ಲಿ ಆಧುನಿಕ ತಂತ್ರಜ್ಞಾನ’. ಇಪ್ಪತ್ತು ನಿಮಿಷದಲ್ಲಿ ಅಷ್ಟು ದೊಡ್ಡ ಹೊಲ ಉಳುವುದು ನನ್ನಿಂದಾಗದು. ಒಂದು ಸಾಲು ಹೊಡೆಯುತ್ತೇನೆ. ಒಂದೇ ಒಂದು ಯಂತ್ರ, ಅದನ್ನು ನಾನು ಕಲಿತ ಬಗೆ, ಅದರಿಂದ ಏನಾಯಿತು, ಏನಾಗಲಿಲ್ಲ, ಇಷ್ಟನ್ನೇ ಹೇಳುತ್ತೇನೆ. ಆ ಯಂತ್ರ ಮೆಟಲ್ ಡಿಟೆಕ್ಟರ್. ದೊಡ್ಡ ರೈಲು ನಿಲ್ದಾಣದಲ್ಲಿ, ಮಂತ್ರಿಗಳು ಬರುವ ಸಮಾರಂಭದಲ್ಲಿ ಪೊಲೀಸರು ನಮ್ಮ ಮೈಮೇಲೆ ಆಡಿಸುತ್ತಾರಲ್ಲ, ಕುಂಯ್ ಎಂದು ಕೂಗುವ ಕೈಯಂತ್ರ, ಆ ಜಾತಿಯದು. ನಾನು ಪಶುವೈದ್ಯ. ನಾನು ಅದನ್ನು ಆಡಿಸುವುದು ಆಕಳು, ಎಮ್ಮೆ, ಎತ್ತುಗಳ ಎದೆಯ ಮೇಲೆ. ಮೊದಲ ಸಲ ಒಂದು ಹಳ್ಳಿಯಲ್ಲಿ ಚೀಲದಿಂದ ಹೊರತೆಗೆದಾಗ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು, “ಯಾಕ್ರಿ ಡಾಕ್ಟ್ರ, ಎಮ್ಮಿ ಹೊಟ್ಟ್ಯಾಗ ಬಾಂಬ್ ಇಟ್ಟಾರೇನ್ರಿ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಜ್ಜನ ಮಾತು ತೀರಾ ತಪ್ಪಾಗಿರಲಿಲ್ಲ.

ದನ ತಿನ್ನುವ ರೀತಿಯನ್ನು ನೀವೆಲ್ಲ ದಿನಾ ನೋಡುತ್ತೀರಿ. ಆಡು ತುಟಿಯಿಂದ ಎಲೆ ಆರಿಸಿ ತಿನ್ನುತ್ತದೆ, ಬೇಡವಾದದ್ದನ್ನು ಬಿಡುತ್ತದೆ. ಆಕಳು, ಎಮ್ಮೆಗೆ ಆ ನಾಜೂಕು ಇಲ್ಲ. ನಾಲಗೆ ಸುತ್ತಿ ಒಂದು ಹಿಡಿ ಮೇವು ಸೆಳೆದುಕೊಂಡು ನುಂಗಿಬಿಡುತ್ತವೆ. ಅಗಿಯುವ ಕೆಲಸ ಆಮೇಲೆ, ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ. ಆ ನಾಲಗೆಯ ಮೇಲಿನ ಒರಟು ಮುಳ್ಳುಗಳೆಲ್ಲ ಒಳಮುಖವಾಗಿ ಬಾಗಿರುತ್ತವೆ. ಮೇವಿನ ಜೊತೆ ಒಂದು ಮೊಳೆ ಬಂದರೂ ಅದು ಹೊರಗೆ ಬರುವುದಕ್ಕಿಂತ ಒಳಗೆ ಹೋಗುವುದೇ ಸುಲಭ.

ಒಳಗೆ ಹೋದದ್ದು ಎಲ್ಲಿ ನಿಲ್ಲುತ್ತದೆ? ದನಕ್ಕೆ ನಾಲ್ಕು ಹೊಟ್ಟೆ ಎಂದು ನಾವು ಏಳನೇ ಎಂಟನೇ ಇಯತ್ತೆಯಲ್ಲಿ ಓದಿದ್ದೇವೆ. ಅದರಲ್ಲಿ ಎರಡನೆಯದಕ್ಕೆ ರೆಟಿಕ್ಯುಲಮ್ ಎನ್ನುತ್ತಾರೆ. ಒಳಗೋಡೆ ಜೇನುಹುಟ್ಟಿನ ಹಾಗೆ ಮನೆಮನೆಯಾಗಿರುತ್ತದೆ. ಹಾಗಾಗಿ ನಾನು ಅದನ್ನು ಜೇನುಗೂಡು ಹೊಟ್ಟೆ ಎನ್ನುತ್ತೇನೆ. ಭಾರದ ವಸ್ತು ಏನಿದ್ದರೂ ಬಂದು ಬೀಳುವುದು ಇದರಲ್ಲಿ, ಮತ್ತು ಬಿದ್ದದ್ದು ಆ ಮನೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ದೇಹದ ತೀರಾ ಮುಂದೆ, ಎಡಗಡೆ, ಮುಂಗಾಲಿನ ಮೊಣಕೈ ಹಿಂದೆ ಇರುವ ಹೊಟ್ಟೆ. ಇದರ ಮುಂದೆ ಒಂದು ತೆಳುವಾದ ಪರದೆ, ವಪೆ. ವಪೆಯ ಆಚೆ ಹೃದಯ. ನಡುವಿನ ಅಂತರ ಕೆಲವೇ ಬೆರಳು. ಹೊಟ್ಟೆ ಸುಮಾರು ನಿಮಿಷಕ್ಕೊಮ್ಮೆ ಗಟ್ಟಿಯಾಗಿ ಹಿಂಡಿಕೊಳ್ಳುತ್ತದೆ. ಒಳಗೆ ಒಂದು ಸೂಜಿ ಇದ್ದರೆ ಪ್ರತಿ ಹಿಂಡಿಗೂ ಅದು ಒಂದಿಷ್ಟು ಮುಂದೆ ಚುಚ್ಚುತ್ತದೆ. ಗಬ್ಬದ ದನವಾದರೆ ಬೆಳೆಯುವ ಕರುವೂ ಹಿಂದಿನಿಂದ ಒತ್ತುತ್ತದೆ. ಈಯುವಾಗ ತಿಣುಕುವ ಒತ್ತಡ ಬೇರೆ. ಎಷ್ಟೋ ಎಮ್ಮೆಗಳಲ್ಲಿ ಈ ಬೇನೆ ಕಾಣಿಸಿಕೊಳ್ಳುವುದು ಈದ ಆಸುಪಾಸಿನಲ್ಲಿಯೇ. ಮನೆಯವರು ಈದ ನಂಜು ಎಂದುಕೊಳ್ಳುತ್ತಾರೆ.

ಈ ಕಬ್ಬಿಣ ಬರುವುದಾದರೂ ಎಲ್ಲಿಂದ ಎಂದು ಕೇಳಿದರೆ, ನಮ್ಮ ಮನೆಯಿಂದಲೇ. ಹೊಸ ಮನೆಯ ಸ್ಲ್ಯಾಬ್ ಹಾಕುವಾಗ ಕಂಬಿ ಬಿಗಿದ ತಂತಿಯ ತುಂಡುಗಳು ಅಂಗಳದ ತುಂಬ ಬಿದ್ದಿರುತ್ತವೆ, ಅದೇ ಅಂಗಳದಲ್ಲಿ ಮೆಕ್ಕೆಜೋಳದ ದಂಟು ಒಟ್ಟುತ್ತೇವೆ. ಎತ್ತಿಗೆ ಲಾಳ ಕಟ್ಟಿಸಿದ ಜಾಗದಲ್ಲಿ ಹಳೆಯ ಮೊಳೆ ಉಳಿದಿರುತ್ತವೆ. ಕಾಮದಹನದ ದಿನ ಹುಡುಗರು ಟೈರ್ ಸುಡುತ್ತಾರೆ. ರಬ್ಬರ್ ಸುಟ್ಟು ಹೋಗುತ್ತದೆ, ಒಳಗಿನ ಕೂದಲಿನಂಥ ಉಕ್ಕಿನ ತಂತಿ ಉಳಿಯುತ್ತದೆ, ಬೂದಿಯ ಜೊತೆ ತಿಪ್ಪೆಗೆ ಬರುತ್ತದೆ. ಬ್ಯಾಡಗಿ ಕಡೆಯ ಮನೆಗಳಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಹೊಲಿಯುವ ದಬ್ಬಣ. ದೀಪಾವಳಿಯ ಹೋರಿ ಹಬ್ಬಕ್ಕೆ ಹೋರಿಯನ್ನು ಸಿಂಗರಿಸುವಾಗ ಜೂಲ ಹೊಲಿದ ಸೂಜಿ, ಕೊಬ್ಬರಿ ಸರ ಬಿಗಿದ ತಂತಿ, ಪಿನ್ನು. ಹಬ್ಬ ಮುಗಿದ ಮೇಲೆ ಆ ಸಿಂಗಾರ ಬೀಳುವುದು ಕೊಟ್ಟಿಗೆಯ ಮೂಲೆಗೇ. ಮೇವು ಕತ್ತರಿಸುವ ಯಂತ್ರ ಬಂದ ಮೇಲೆ ಒಂದು ಅಪಾಯ ಹೆಚ್ಚಾಗಿದೆ. ದಂಟಿನೊಳಗೆ ಒಂದು ಮೊಳ ತಂತಿ ಇದ್ದರೆ ಮೊದಲು ದನ ಅದನ್ನು ಉಗುಳುವ ಸಾಧ್ಯತೆಯಾದರೂ ಇತ್ತು. ಈಗ ಯಂತ್ರ ಅದನ್ನು ಎರಡೆರಡು ಅಂಗುಲದ ಚೂಪು ತುಂಡು ಮಾಡಿ ಹಿಂಡಿ, ಹೊಟ್ಟಿನ ಜೊತೆ ಕಲಸಿ ಕೊಡುತ್ತದೆ.

ಇನ್ನು ಯಂತ್ರಕ್ಕೆ ಬರುತ್ತೇನೆ. ಪೊಲೀಸರ ಕೈಯಲ್ಲಿ ಇರುವುದಕ್ಕಿಂತ ಸ್ವಲ್ಪ ಆಳಕ್ಕೆ ಕೇಳುವಂಥದ್ದನ್ನು ನಾನೇ ದುಡ್ಡು ಕೊಟ್ಟು ತರಿಸಿಕೊಂಡೆ. ಜೊತೆಗೆ ಬಂದ ಪುಸ್ತಕ ಕಾವಲುಗಾರರಿಗಾಗಿ ಬರೆದದ್ದು. ಪಿಸ್ತೂಲು, ಚಾಕು, ಜೇಬು, ಬೂಟು, ಎಲ್ಲ ಇತ್ತು. ದನದ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಪಶುವೈದ್ಯಕೀಯ ಪಠ್ಯದಲ್ಲಿ ಇಂಥ ಯಂತ್ರ ಬಳಸಬಹುದು, ಅದನ್ನು ಪೂರ್ತಿ ನಂಬಬೇಡಿ ಎಂದು ನಾಲ್ಕು ಸಾಲು ಇತ್ತು. ಕೈಗೆ ಅಭ್ಯಾಸ ಮಾಡಿಸುವವರು ಯಾರೂ ಇರಲಿಲ್ಲ. ಹಾಗಾಗಿ ಮನೆಯಲ್ಲಿಯೇ ಶಾಲೆ ತೆರೆದೆ.

ಮೊದಲು ಮರದ ಮೇಜಿನ ಮೇಲೆ ಒಂದೊಂದೇ ವಸ್ತು ಇಟ್ಟು ಎಷ್ಟು ದೂರದಿಂದ ಕೂಗುತ್ತದೆ ಎಂದು ಬೆರಳಿನಲ್ಲಿ ಅಳೆದೆ. ದಬ್ಬಣವಾದರೆ ಒಂದು ಗೇಣು. ಎರಡು ಇಂಚಿನ ಮೊಳೆಯಾದರೆ ನಾಲ್ಕು ಬೆರಳು. ಸ್ಲ್ಯಾಬಿನ ತೆಳು ತಂತಿಯ ತುಂಡಾದರೆ ಎರಡೇ ಬೆರಳು. ಅದೇ ಮೊಳೆಯನ್ನು ಅಡ್ಡ ಮಲಗಿಸಿದಾಗ ಒಂದು ಥರ, ತುದಿ ತೋರಿಸಿ ನಿಲ್ಲಿಸಿದಾಗ ಇನ್ನೊಂದು ಥರ. ನಿಧಾನವಾಗಿ, ಒಂದೇ ವೇಗದಲ್ಲಿ, ಮೈಗೆ ಒಂದೇ ಅಂತರದಲ್ಲಿ ಆಡಿಸದಿದ್ದರೆ ಅದು ತನ್ನಷ್ಟಕ್ಕೆ ಏನೇನೋ ಗೊಣಗುತ್ತದೆ. ಸೂಕ್ಷ್ಮತೆಯ ಗುಬುಟನ್ನು ಪೂರ್ತಿ ತಿರುವಿದರೆ ನನ್ನ ಪ್ಯಾಂಟಿನ ಗುಂಡಿಗೂ ಕೂಗುತ್ತದೆ, ಕಡಿಮೆ ಮಾಡಿದರೆ ದಬ್ಬಣಕ್ಕೂ ಸುಮ್ಮನಿರುತ್ತದೆ. ಸೆಲ್ ಅರ್ಧ ಖಾಲಿಯಾದಾಗ ಕೂಗು ಮೊದಲೇ ಕುಂದುತ್ತದೆ, ನಮಗೆ ಗೊತ್ತಾಗುವುದು ಆಮೇಲೆ. ಅದಕ್ಕೇ ಈಗ ಪ್ರತಿ ದನಕ್ಕೂ ಮುಂಚೆ ಒಂದು ಮೊಳೆ ಹಿಡಿದು ಯಂತ್ರವನ್ನು ಮಾತಾಡಿಸಿಯೇ ಶುರು ಮಾಡುತ್ತೇನೆ.

ಮೇಜಿನ ಪಾಠ ಮುಗಿದ ಮೇಲೆ ಒದ್ದೆ ಹೊಟ್ಟು ತುಂಬಿದ ಗೋಣಿಚೀಲ ಹೊಟ್ಟೆಯಾಯಿತು. ಮಗಳು ಅದರಲ್ಲಿ ಏನಾದರೂ ಹುದುಗಿಸುವುದು, ನಾನು ಹುಡುಕುವುದು. ಒಂದು ಸಂಜೆ ಜೋರಾಗಿ ಕೂಗಿತು. ದೊಡ್ಡ ಮೊಳೆಯೇ ಇರಬೇಕು ಎಂದೆ. ಅವಳು ಕೈ ಹಾಕಿ ತೆಗೆದದ್ದು ಮಾತ್ರೆಯ ಅಲ್ಯೂಮಿನಿಯಂ ಹಾಳೆ. ಯಂತ್ರಕ್ಕೆ ಸೂಜಿಯೂ ಒಂದೇ, ಮಾತ್ರೆ ಹಾಳೆಯೂ ಒಂದೇ, ನಾಲ್ಕಾಣೆಯೂ ಒಂದೇ. ಚೂಪೋ ಮೊಂಡೋ ಎಂಬುದು ಅದಕ್ಕೆ ತಿಳಿಯದು. ಆ ಮಾತ್ರೆ ಹಾಳೆಯನ್ನು ನಾನು ಇನ್ನೂ ಯಂತ್ರದ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.

ಮಕ್ಕಳೆ, ಇದು ಹೇಗೆ ಕೆಲಸ ಮಾಡುತ್ತದೆ ಎಂಬುದು ವಿಜ್ಞಾನದ ಪುಸ್ತಕದಲ್ಲಿಯೇ ಇದೆ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಆಡಿಸಿದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುತ್ತದೆ, ಫ್ಯಾರಡೆ 1831ರಲ್ಲಿ ಕಂಡದ್ದು. ಈ ಯಂತ್ರದ ಒಳಗೂ ಸುರುಳಿ ಇದೆ. ಅದರಲ್ಲಿ ಹರಿಯುವ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ, ಸುತ್ತಲಿನ ಕಾಂತಕ್ಷೇತ್ರವೂ ಅದರ ಜೊತೆ ಅಲುಗುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿ ವಿದ್ಯುತ್ತು ಹುಟ್ಟಿ ತನ್ನದೇ ಕ್ಷೇತ್ರ ಬೀರುತ್ತದೆ. ಕಬ್ಬಿಣವಾದರೆ ತಾನೇ ಕಾಂತವಾಗಿಯೂ ಕ್ಷೇತ್ರವನ್ನು ಕದಡುತ್ತದೆ. ಆ ಕದಡುವಿಕೆಯನ್ನು ಹಿಡಿದು ಯಂತ್ರ ಕೂಗುತ್ತದೆ, ಅಷ್ಟೆ. ನಮ್ಮ ಕಾಲದಲ್ಲಿ ಶಾಲೆಯಲ್ಲಿ ಇದ್ದದ್ದು ಒಂದೇ ಗ್ಯಾಲ್ವನೋಮೀಟರ್. ಅದರ ಮುಳ್ಳು ಅಲುಗಿದ್ದನ್ನು ಸಾಲಾಗಿ ನಿಂತು ನೋಡಿದ ನೆನಪು ನನಗಿದೆ.

ಲೋಹಶೋಧಕದ ಮೊದಲ ಪ್ರಸಿದ್ಧ ಪರೀಕ್ಷೆ ನಡೆದದ್ದು ನಿಧಿ ಹುಡುಕುವುದಕ್ಕಲ್ಲ, ಬಾಂಬ್ ಹುಡುಕುವುದಕ್ಕೂ ಅಲ್ಲ, ರೋಗಿಯ ಮೈಯೊಳಗಿನ ಗುಂಡು ಹುಡುಕುವುದಕ್ಕೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ಒಳಗೆ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ರೇ ಇನ್ನೂ ಹುಟ್ಟಿರಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿ ಸುರುಳಿಯ ಯಂತ್ರವೊಂದನ್ನು ಕಟ್ಟಿ ತಂದು ಎರಡು ಸಲ ಪರೀಕ್ಷೆ ಮಾಡಿದರು. ಬೇರೆಡೆ ಸರಿಯಾಗಿ ಕೆಲಸ ಮಾಡಿದ ಯಂತ್ರ ಅಲ್ಲಿ ಗೊಂದಲಕ್ಕೆ ಬಿತ್ತು. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ತಂತಿಗಳಿದ್ದವು. ಅದೂ ಅಲ್ಲದೆ ಮುಖ್ಯ ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ತೀರ್ಮಾನಿಸಿಬಿಟ್ಟಿದ್ದರು, ಹುಡುಕಾಟ ಆ ಕಡೆಯೇ ನಡೆಯಿತು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು.

ನಾನು ಕೊಟ್ಟಿಗೆಗೆ ಹೋದಾಗಲೆಲ್ಲ ಈ ಕಥೆ ನೆನಪಾಗುತ್ತದೆ. ಅದಕ್ಕೇ ಮೊದಲು ದನವನ್ನು ಗೋದಲಿಯಿಂದ ಬಿಚ್ಚಿ ಬಯಲಿಗೆ ತರಿಸುತ್ತೇನೆ. ಗೋದಲಿಯ ಕಬ್ಬಿಣದ ಬಳೆ, ತಗಡಿನ ಗೋಡೆ, ಕೊರಳ ಗಂಟೆ, ಸರಪಳಿ, ಇವೆಲ್ಲ ಬೆಲ್ ಸಾಹೇಬರ ಹಾಸಿಗೆ ಇದ್ದ ಹಾಗೆ. ಸರಪಳಿ ಬಿಚ್ಚಿ ನಾರಿನ ಹಗ್ಗ ಹಾಕಿಸುತ್ತೇನೆ. ಹಿಡಿದುಕೊಂಡವರ ಕೈಯ ಕಡಗ, ಬೆಳ್ಳಿ ಉಡದಾರ, ಜೇಬಿನ ಮೊಬೈಲು ದೂರ. ಉಡದಾರ ಬಿಚ್ಚಿ ಎಂದರೆ ಯಾರೂ ಬಿಚ್ಚುವುದಿಲ್ಲ, ಅವರನ್ನೇ ದೂರ ನಿಲ್ಲಿಸುತ್ತೇನೆ. ಆಮೇಲೆ ಎಡ ಮೊಣಕೈ ಹಿಂದೆ, ಆರನೇ ಪಕ್ಕೆಲುಬಿನಿಂದ ಎಂಟನೆಯದರ ತನಕ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ. ಅನಂತರ ಬಲಗಡೆಯೂ ಹಾಗೆಯೇ. ಎರಡೂ ಕಡೆ ಒಂದೇ ಸಮ ಕೂಗಿದರೆ ನನ್ನ ಸುತ್ತ ಎಲ್ಲೋ ಕಬ್ಬಿಣ ಉಳಿದಿದೆ ಎಂದು ಅನುಮಾನಿಸಿ ಮತ್ತೆ ಮೊದಲಿನಿಂದ ಶುರು.

ಇಷ್ಟೆಲ್ಲ ಕಲಿತ ಮೇಲೂ ಯಂತ್ರ ಹೇಳುವುದು ಒಂದೇ ಮಾತು: ಇಲ್ಲಿ ಲೋಹ ಇದೆ. ಲೋಹ ಚುಚ್ಚಿದೆಯೇ, ದನಕ್ಕೆ ನೋವಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ನನಗೆ ಇದನ್ನು ಮನದಟ್ಟು ಮಾಡಿಸಿದವು ಮೂರು ದನಗಳು.

ಮೊದಲನೆಯದು ಒಂದು ಜರ್ಸಿ ಆಕಳು. ಓಣಿಯಲ್ಲಿ ಬೇರೆಯವರ ದನ ನೋಡಲು ಹೋಗಿದ್ದೆ. “ಬಂದದ್ದು ಬಂದೀರಿ, ನಮ್ಮದಕ್ಕೂ ಒಂದ್ಸಲ ಆಡಿಸ್ರಿ” ಎಂದರು. ಆಡಿಸಿದೆ. ಕಿವಿ ಗುಂಯ್ ಎನ್ನುವ ಹಾಗೆ ಕೂಗಿತು. ಯಜಮಾನರ ಮುಖ ಬಿಳಿಚಿಕೊಂಡಿತು. “ಇವತ್ತ ಕೊಯ್ದು ತಗೀರಿ ಡಾಕ್ಟ್ರ, ಎಷ್ಟಾದ್ರೂ ಆಗ್ಲಿ.” ಆಕಳನ್ನು ನೋಡಿದೆ. ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಹಾಲು ಕಡಿಮೆಯಾಗಿರಲಿಲ್ಲ. ಜ್ವರ ಇರಲಿಲ್ಲ. ಹಿಣಿಲು ಹಿಸುಕಿದರೆ ಬೆನ್ನು ಬಗ್ಗಿಸಿತು, ಆರೋಗ್ಯದ ದನ ಹಾಗೆಯೇ ಮಾಡಬೇಕು. ಕೊಯ್ಯುವುದಿಲ್ಲ ಎಂದೆ. ಒಂದು ಅಯಸ್ಕಾಂತ ನುಂಗಿಸಿ ಬಂದೆ, ಅದರ ವಿಷಯ ಆಮೇಲೆ ಹೇಳುತ್ತೇನೆ. ಆ ಆಕಳು ಅನಂತರ ಎರಡು ಸಲ ಈಯಿತು. ಆರೋಗ್ಯವಾಗಿರುವ ಎಷ್ಟೋ ದನಗಳ ಹೊಟ್ಟೆಯಲ್ಲಿ ಒಂದೆರಡು ಮೊಳೆ ಸುಮ್ಮನೆ ಬಿದ್ದುಕೊಂಡಿರುತ್ತವೆ. ಯಂತ್ರ ಕೂಗಿತು ಎಂದು ಕೊಯ್ಯುತ್ತ ಹೋದರೆ ಕೊಯ್ಲು ಮುಗಿಯುವುದಿಲ್ಲ.

ಎರಡನೆಯದು ಎಮ್ಮೆ. ಮೂರು ಸಲ ಆಡಿಸಿದರೂ ಯಂತ್ರ ಮಾತಾಡಲಿಲ್ಲ. ಮನೆಯ ಗಂಡಸರು, “ಮಷಿನ್ನ ಇಲ್ಲ ಅಂತೈತಿ, ಬರೇ ಅಜೀರ್ಣ ಇರಬೇಕ್ರಿ” ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಅಜ್ಜಿ ಒಬ್ಬರು ಮೆಲ್ಲಗೆ ಹೇಳಿದರು: “ಮೊನ್ನಿಯಿಂದ ಕೆರಿ ಏರಿ ಹತ್ತತೈತ್ರಿ, ಇಳಿಯಾಕ ಒಲ್ಲದು. ಸೆಗಣಿ ಹಾಕುವಾಗ ನರಳತೈತಿ. ಹಿಂಡಿ ಮೂಸಿ ಬಿಡತೈತಿ, ಒಣ ಹುಲ್ಲಿಗೆ ಮಾತ್ರ ಬಾಯಿ ಹಾಕತೈತಿ. ಮೊನ್ನಿ ಸಂಜಿ ಚರಗಿ ತುಂಬ ಕೊಟ್ಟದ್ದು, ನಿನ್ನಿ ಮುಂಜಾನಿ ತಳಾ ಮುಚ್ಚಲಿಲ್ಲ.”

ನಾನು ಕಾಲೇಜಿನಲ್ಲಿ ಪರೀಕ್ಷೆಗೆ ಬರೆದ ಉತ್ತರವೂ ಇಷ್ಟು ಚೊಕ್ಕವಾಗಿರಲಿಲ್ಲ. ಇಳಿಜಾರಿನಲ್ಲಿ ಇಳಿಯುವಾಗ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ, ಚುಚ್ಚಿದ ಜಾಗದ ಮೇಲೆ ಬೀಳುತ್ತದೆ. ಅದಕ್ಕೇ ದನ ಹತ್ತುತ್ತದೆ, ಇಳಿಯುವುದಿಲ್ಲ. ನಿಂತ ರೀತಿ ನೋಡಿದೆ. ಬೆನ್ನು ಗೂನು, ಮೊಣಕೈ ಎರಡೂ ಹೊರಕ್ಕೆ ಚಾಚಿದ್ದವು. ಹಿಣಿಲು ಹಿಸುಕಿದರೆ ಬೆನ್ನು ಬಗ್ಗಿಸಲಿಲ್ಲ, ನರಳಿತು. ಎದೆಯ ಕೆಳಗೆ ಗಳ ಹಾಕಿ ಇಬ್ಬರು ಮೆಲ್ಲಗೆ ಎತ್ತಿ ಬಿಟ್ಟಾಗ ಮತ್ತೆ ನರಳಿತು. ಎಡ ಪಕ್ಕೆಗೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಎಮ್ಮೆಯನ್ನು ನಿಂತಂತೆಯೇ ನಿಲ್ಲಿಸಿ, ಪಕ್ಕೆ ಕೊಯ್ದು, ದೊಡ್ಡ ಹೊಟ್ಟೆಯ ಮೂಲಕ ತೋಳು ಪೂರ್ತಿ ಒಳಗೆ ಹಾಕಿದೆ. ಜೇನುಗೂಡಿನ ಮನೆಗಳನ್ನು ಒಂದೊಂದಾಗಿ ಬೆರಳಿನಿಂದ ತಡವುತ್ತ ಹೋದರೆ ಮುಂದಿನ ಗೋಡೆಯಲ್ಲಿ ಸಿಕ್ಕಿತು, ಸ್ಲ್ಯಾಬಿನ ತಂತಿ, ಮೂರು ಇಂಚು. ಅರ್ಧ ಗೋಡೆಯ ಆಚೆ ಹೋಗಿತ್ತು. ಎಮ್ಮೆಯ ದಪ್ಪ ಎದೆಗೂಡಿನ ಆಳದಲ್ಲಿ ಅಷ್ಟು ತೆಳು ತಂತಿ ನನ್ನ ಯಂತ್ರದ ಕಿವಿಗೆ ಬೀಳುವಂಥದ್ದಲ್ಲ, ಎರಡು ಬೆರಳಿನ ಲೆಕ್ಕ ಮೇಜಿನ ಮೇಲೆ ಮೊದಲೇ ಗೊತ್ತಾಗಿತ್ತು. ನಾಲ್ಕನೇ ದಿನ ಮೆಲುಕು ಹಾಕಿತು ಎಂದು ಫೋನ್ ಮಾಡಿದವರು ಅದೇ ಅಜ್ಜಿ.

ಮೂರನೆಯದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದೆ. ಅದೂ ಎಮ್ಮೆಯೇ. ಹಾಲಿನ ದುಡ್ಡಿನಿಂದ ಆ ಮನೆಯ ತಾಯಿ ಸ್ವಸಹಾಯ ಸಂಘದ ಸಾಲದ ಕಂತು ಕಟ್ಟುತ್ತಿದ್ದರು. ಎಮ್ಮೆ ಮೇವು ಬಿಟ್ಟು ಮೂರು ವಾರ ಆಗಿತ್ತು. ಮನೆ ಔಷಧ, ಗೊಟ್ಟದಲ್ಲಿ ಕಷಾಯ, ಯಾರೋ ಹೇಳಿದ ಪುಡಿ, ಎಲ್ಲ ಆಗಿತ್ತು. ನಾನು ಹೋದಾಗ ಎರಡು ಮುಂಗಾಲುಗಳ ನಡುವೆ ಗಂಗೆದೊಗಲಿನಲ್ಲಿ ನೀರು ತುಂಬಿ ಚೀಲದಂತೆ ಜೋತಿತ್ತು. ಕೊರಳ ನರ ಹಗ್ಗದಂತೆ ಉಬ್ಬಿತ್ತು. ಎದೆಗೆ ಕೊಳವೆ ಇಟ್ಟರೆ ಹೃದಯದ ಲಬ್‌ಡಬ್ ಇಲ್ಲ, ಅರ್ಧ ತುಂಬಿದ ಕೊಡ ಅಲುಗಿಸಿದ ಸದ್ದು. ಹೃದಯದ ಚೀಲದೊಳಗೆ ಕೀವು ತುಂಬಿದಾಗ ಹಾಗೆ ಕೇಳುತ್ತದೆ. ಯಂತ್ರ ಆಡಿಸಿದೆ. ಅವತ್ತು ಅದು ಕೂಗಿದಷ್ಟು ಜೋರಾಗಿ ಯಾವತ್ತೂ ಕೂಗಿರಲಿಲ್ಲ. ಅದರಿಂದ ಏನೂ ಉಪಯೋಗವಿರಲಿಲ್ಲ. ಸತ್ಯ ಹೇಳಿದೆ. ಎರಡು ದಿನಕ್ಕೆ ಎಮ್ಮೆ ಹೋಯಿತು.

ಸತ್ತ ಮೇಲೆ ಮನೆಯವರ ಒಪ್ಪಿಗೆ ಕೇಳಿ ಕೊಯ್ದು ನೋಡಿದೆ. ವಪೆಯ ಆಚೆ ಸಿಕ್ಕಿದ್ದು ಒಂದು ಸೂಜಿ, ಕೌದಿ ಹೊಲಿಯುವ ಉದ್ದನೆಯ ಸೂಜಿ, ಕಪ್ಪಾಗಿತ್ತು, ಕಣ್ಣು ಇನ್ನೂ ಹಾಗೆಯೇ ಇತ್ತು. ತೊಳೆದು ಅಂಗೈಯಲ್ಲಿ ಇಟ್ಟುಕೊಂಡು ತೋರಿಸಿದೆ. ಆ ತಾಯಿ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಸೂಜಿ ಡಬ್ಬಿ ತಂದು ಕಟ್ಟೆಯ ಮೇಲೆ ಸುರುವಿ ಎಣಿಸತೊಡಗಿದರು. ಅದು ಅವರ ಸೂಜಿಯೇ ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಕೊಂಡುತಂದ ಮೇವಿನಲ್ಲಿ ಬಂದಿರಬಹುದು, ಸಂತೆಯಿಂದ ತರುವಾಗಲೇ ಎಮ್ಮೆಯ ಹೊಟ್ಟೆಯಲ್ಲಿ ಇದ್ದಿರಬಹುದು. ಹಾಗೆಂದು ಎರಡೆರಡು ಸಲ ಹೇಳಿದೆ. ಅವರು ಎಣಿಸುವುದನ್ನು ನಿಲ್ಲಿಸಲಿಲ್ಲ.

ಅವತ್ತಿನಿಂದ ನಾನು ಯಂತ್ರವನ್ನು ಚೀಲದಿಂದ ತೆಗೆಯುವ ಮುಂಚೆ ದನ ಕಟ್ಟುವವರು, ಹಿಂಡುವವರು ಯಾರು ಎಂದು ಕೇಳುತ್ತೇನೆ. ಬಹಳಷ್ಟು ಮನೆಗಳಲ್ಲಿ ಅವರು ಹೆಣ್ಣುಮಕ್ಕಳು, ಮತ್ತು ಅವರನ್ನು ಕೇಳಿದವರು ಕಡಿಮೆ. ಒಮ್ಮೆಗೇ ಹಾಲು ಇಳಿಯಿತೇ ಮೆಲ್ಲಗೆ ಇಳಿಯಿತೇ, ಮಲಗುವಾಗ ಏಳುವಾಗ ನರಳುತ್ತದೆಯೇ, ಇಳಿಜಾರಿಗೆ ಹಿಂಜರಿಯುತ್ತದೆಯೇ. ಈ ಮೂರು ಪ್ರಶ್ನೆಯ ಉತ್ತರ ಬಂದ ಮೇಲೆ ಯಂತ್ರದ ಕೂಗಿಗೆ ಒಂದು ಅರ್ಥ ಬರುತ್ತದೆ. ಅದಕ್ಕೂ ಮುಂಚೆ ಅದು ಬರೀ ಸದ್ದು. ದೊಡ್ಡ ಪಶು ಆಸ್ಪತ್ರೆಗಳಲ್ಲಿ, ಪಶುವೈದ್ಯಕೀಯ ಕಾಲೇಜುಗಳಲ್ಲಿ ಎಕ್ಸ್-ರೇ, ಸ್ಕ್ಯಾನಿಂಗ್ ಇವೆ, ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ನೋಯುವ ಎಮ್ಮೆಯನ್ನು ಟ್ರಾಕ್ಸಿನಲ್ಲಿ ಹತ್ತಿಸಿ ಅಷ್ಟು ದೂರ ಒಯ್ಯಬೇಕೋ ಬೇಡವೋ ಎಂದು ಇಲ್ಲಿಯೇ, ಕೊಟ್ಟಿಗೆಯಲ್ಲಿಯೇ ತೀರ್ಮಾನಿಸಬೇಕಲ್ಲ.

ಅಯಸ್ಕಾಂತದ ಮಾತು ಹೇಳುತ್ತೇನೆ ಎಂದಿದ್ದೆ. ಬೆರಳಿನ ಉದ್ದ, ಹೆಬ್ಬೆರಳಿನ ದಪ್ಪ, ಮೂಲೆಯಿಲ್ಲದ ನುಣುಪು ಕಡ್ಡಿ. ಹೊರದೇಶಗಳ ಡೈರಿಗಳಲ್ಲಿ ಬಹಳ ಕಾಲದಿಂದ ಬಳಸುತ್ತಾರೆ. ಬಾಯಿಯ ಮೂಲಕ ನುಂಗಿಸಿದರೆ ಜೇನುಗೂಡು ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ, ದನ ಇರುವ ತನಕ ಅಲ್ಲಿಯೇ ಇರುತ್ತದೆ. ಒಳಗೆ ಬರುವ ಮೊಳೆ, ತಂತಿಯನ್ನೆಲ್ಲ ಮೈಗೆ ಅಂಟಿಸಿಕೊಂಡು ಗೋಡೆಗೆ ಚುಚ್ಚದಂತೆ ಹಿಡಿದಿಡುತ್ತದೆ. ಒಂದನ್ನು ಶಸ್ತ್ರಚಿಕಿತ್ಸೆಯ ವೇಳೆ ಹೊರತೆಗೆದಿದ್ದೆ, ಮುಳ್ಳುಹಂದಿ ಮರಿಯ ಹಾಗಿತ್ತು. ಆದರೆ ಅದು ಹಿಡಿಯುವುದು ಕಬ್ಬಿಣ, ಉಕ್ಕನ್ನು ಮಾತ್ರ. ತಾಮ್ರದ ತಂತಿ, ಅಲ್ಯೂಮಿನಿಯಂ ಅದಕ್ಕೆ ಸಿಗುವುದಿಲ್ಲ. ಆಗಲೇ ಆಳವಾಗಿ ಚುಚ್ಚಿಹೋದದ್ದನ್ನು ಎಳೆದು ತರುವ ಭರವಸೆಯೂ ಇಲ್ಲ. ಒಂದು ದನಕ್ಕೆ ಒಂದೇ ಸಾಕು. ಮೊದಲೇ ಇದೆಯೋ ಎಂದು ತಿಳಿಯಲು ಎದೆಯ ಬಳಿ ದಿಕ್ಸೂಚಿ ಹಿಡಿದರೆ ಮುಳ್ಳು ತಿರುಗುತ್ತದೆ, ಈ ಪ್ರಯೋಗವನ್ನು ಒಂಬತ್ತನೇ ತರಗತಿಯ ಹುಡುಗಿಯೂ ಮಾಡಬಹುದು. ಇನ್ನೊಂದು: ಅಯಸ್ಕಾಂತ ಹಾಕಿದ ದನದ ಮೇಲೆ ನನ್ನ ಯಂತ್ರ ಯಾವಾಗಲೂ ಕೂಗುತ್ತದೆ. ಆದ್ದರಿಂದ ಹಾಕಿಸಿದ್ದನ್ನು ಬರೆದಿಡಿ. ದನ ಮಾರುವಾಗ ಕೊಂಡವರಿಗೂ ಹೇಳಿ.

ನಡುವೆ ಒಂದು ತಮಾಷೆ. ಯಂತ್ರ ತಂದ ಸುದ್ದಿ ಹಬ್ಬಿದ ಮೇಲೆ ಒಂದು ರಾತ್ರಿ ಮೂವರು ಹುಡುಗರು ಬಂದರು, ದನ ಇರಲಿಲ್ಲ, ಒಂದೇ ಬೈಕು. “ಸರ್, ಆ ಮಷಿನ್ ಒಂದ ರಾತ್ರಿ ಕೊಡ್ರಿ, ಮುಂಜಾನಿ ತಂದು ಕೊಡ್ತೀವಿ.” ಎಲ್ಲಿಗೆ ಎಂದು ಕೇಳಲಿಲ್ಲ. ತುಂಗಭದ್ರೆಯ ದಂಡೆಯ ಗಳಗನಾಥ, ಚೌಡಯ್ಯದಾನಪುರದಿಂದ ಹಾನಗಲ್ಲಿನ ತನಕ ನಮ್ಮ ಜಿಲ್ಲೆಯ ತುಂಬ ಚಾಲುಕ್ಯರ ಕಾಲದ ಗುಡಿಗಳಿವೆ. ನಿಧಿಯ ಆಸೆಗೆ ಹಳೆಯ ಗುಡಿಗಳ ಬುಡ ಅಗೆದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾಯ್ದೆ ಬ್ರಿಟಿಷರ ಕಾಲದಲ್ಲಿ, 1878ರಲ್ಲಿಯೇ ಬಂದಿದೆ ಎಂದು ಹೇಳಿದೆ. ಅದು ಅವರಿಗೆ ನಾಟಲಿಲ್ಲ. ಈ ಯಂತ್ರ ಒಂದು ಗೇಣಿಗಿಂತ ಕೆಳಗೆ ಏನನ್ನೂ ಕೇಳುವುದಿಲ್ಲ, ಸಿಕ್ಕರೆ ಲಾಳದ ಮೊಳೆ ಸಿಗುತ್ತದೆ ಎಂದೆ. ಅದು ನಾಟಿತು. ಗಾಡಿ ಹತ್ತಿ ಹೋದರು. ಅವರಲ್ಲಿ ಒಬ್ಬ ಈಗ ಎರಡು ಎಮ್ಮೆ ಕಟ್ಟಿದ್ದಾನೆ, ಹಗಲಿನಲ್ಲಿಯೇ ಬಂದು ಯಂತ್ರ ಕರೆದೊಯ್ಯುತ್ತಾನೆ, ನನ್ನನ್ನೂ ಜೊತೆಗೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಬಹಳ ಇಲ್ಲ. ಹಳೆಯ ಸ್ಪೀಕರ್ ಒಡೆದರೆ ಒಳಗೆ ದುಂಡನೆಯ ಅಯಸ್ಕಾಂತ ಇರುತ್ತದೆ. ಹಗ್ಗ ಕಟ್ಟಿ ಬಣವೆಯ ಸುತ್ತ, ಗೋದಲಿಯಲ್ಲಿ, ಕತ್ತರಿಸಿದ ಮೇವಿನ ಮೇಲೆ ವಾರಕ್ಕೊಮ್ಮೆ ಎಳೆಯಿರಿ. ಈ ಶಾಲೆಯ ಮಕ್ಕಳು ಒಂದು ಭಾನುವಾರ ತಮ್ಮ ತಮ್ಮ ಮನೆಯಲ್ಲಿ ಎಳೆದು, ಸಿಕ್ಕದ್ದನ್ನು ಡಬ್ಬಿಯಲ್ಲಿ ತಂದು ವಿಜ್ಞಾನದ ಗುರುಗಳ ಮೇಜಿನ ಮೇಲೆ ಇಟ್ಟು ತೂಗಿದರೆ, ಎಷ್ಟಾಗುತ್ತದೆ ಎಂದು ನೋಡುವ ಆಸೆ ನನಗಿದೆ. ಕೌದಿ ಹೊಲಿಯುವುದನ್ನು ಮೇವಿನಿಂದ ದೂರ ಇಟ್ಟುಕೊಳ್ಳಿ, ಸೂಜಿಗೆ ದಾರ ಪೋಣಿಸಿಯೇ ಇಡಿ, ಬಿದ್ದರೂ ಕಣ್ಣಿಗೆ ಕಾಣುತ್ತದೆ. ಟೈರ್ ಸುಟ್ಟ ಬೂದಿ ತಿಪ್ಪೆಗೆ ಬೇಡ. ದನ ಮೇವು ಬಿಟ್ಟು ಎರಡನೇ ದಿನವಾದರೆ ಮೂರನೆಯದಕ್ಕೆ ಕಾಯಬೇಡಿ. ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಹೇಳಿ, ಇಲ್ಲವೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಂಬುಲೆನ್ಸ್‌ಗಾಗಿ ಇರುವ ಉಚಿತ ಸಂಖ್ಯೆ ಅದು. ವೈದ್ಯರು ಬರುವ ತನಕ ಮುಂಗಾಲು ಎತ್ತರದಲ್ಲಿ ಇರುವ ಹಾಗೆ, ಒಂದು ಗೇಣು ಮಣ್ಣು ಏರಿಸಿ ನಿಲ್ಲಿಸಿ. ಹೊಟ್ಟೆಯ ಭಾರ ಹಿಂದಕ್ಕೆ ಸರಿಯುತ್ತದೆ, ನೋವು ಇಳಿಯುತ್ತದೆ. ಗೊಟ್ಟ ಮಾತ್ರ ಹಾಕಬೇಡಿ.

ಯಂತ್ರವನ್ನು ಅಲ್ಲಿ, ಬೇವಿನ ಮರದ ಕೆಳಗಿನ ಮರದ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಒದ್ದೆ ಹೊಟ್ಟಿನ ಚೀಲ ಇದೆ, ಒಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ, ಮಗಳು ತುಂಬಿಸಿದ್ದು. ಊಟದ ಗಂಟೆ ಹೊಡೆಯುವ ತನಕ ಯಾರು ಬೇಕಾದರೂ ಬಂದು ಆಡಿಸಿ ನೋಡಬಹುದು. ಬಳೆ, ಉಂಗುರ, ಮೊಬೈಲು ತೆಗೆದಿಟ್ಟು ಬನ್ನಿ. ಉಡದಾರದವರು ಸ್ವಲ್ಪ ದೂರ ನಿಲ್ಲಿ.